ಕಾನಿಗೆ ಸುಮ್ಮನೆ ಬಂದ ಮೇಷ್ಟ್ರು

ಮೇಷ್ಟ್ರು ಸತ್ತ ಸುದ್ದಿ ನನಗೆ ಶಿಕಾರಿಪುರದ ಬಸ್ಸಿನಲ್ಲಿ ಸಿಕ್ಕಿತು. ಅವರ ತಂಗಿಯ ಮನೆಗೆ ಹಾಲು ಹಾಕುವ ಹೆಂಗಸು ನನ್ನ ಪಕ್ಕದಲ್ಲೇ ಕೂತಿದ್ದಳು. ಎಲ್ಲಿಗೆ ಹೊರಟಿರಿ ಎಂದು ಕೇಳಿದಳು, ಹೇಳಿದೆ. ಅಯ್ಯೋ, ಅವರನ್ನು ಮೊನ್ನೆಯೇ ಮಣ್ಣು ಮಾಡಿದರಲ್ಲ ಅಂದಳು. ನನ್ನ ಚೀಲದಲ್ಲಿ ಅವರಿಗೆಂದೇ ತಟ್ಟಿದ ಜೋಳದ ರೊಟ್ಟಿ ಇದ್ದವು. ಅರ್ಧ ದಾರಿಯಲ್ಲಿ ಇಳಿದು ಮಾಡುವುದೇನು? ಹೋದೆ. ತಂಗಿಯನ್ನು ಮಾತಾಡಿಸಿದೆ, ರೊಟ್ಟಿಯನ್ನು ಅಲ್ಲೇ ಕೊಟ್ಟು ಬಂದೆ. ಸತ್ತವರ ಮನೆಯಲ್ಲೂ ಹೊಟ್ಟೆ ಹಸಿಯುತ್ತದೆ.

ಅಳು ಬರಲಿಲ್ಲ. ಅವರಿಗೆ ವಯಸ್ಸಾಗಿತ್ತು, ನರಳಿದ್ದೂ ಸಾಕಾಗಿತ್ತು. ಆದರೆ ಆ ಮನುಷ್ಯ ಒಂದು ಕೆಲಸ ಹಿಡಿದು ಅದನ್ನು ಮುಗಿಸದೆ ಹೋದರು. ಅದು ನನ್ನನ್ನು ಬಿಡುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅವರ ಹೆಸರು ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರಿಗೆ ಮೇಷ್ಟ್ರು ಅಂತಲೇ ಹೆಸರು. ಎಷ್ಟೋ ವರ್ಷ ಬೇರೆ ಹೆಸರು ಇದೆ ಅನ್ನುವುದೇ ನಮಗೆ ಮರೆತುಹೋಗಿತ್ತು.

ನಮ್ಮೂರು ಸೊರಬದ ಕಡೆ, ಜಡೆಯಿಂದ ಒಳಗೆ. ಅವರು ಹೈಸ್ಕೂಲಿಗೆ ಇಂಗ್ಲಿಷ್ ಹೇಳಿಕೊಡಲು ಬಂದಾಗ ನನ್ನ ಮಕ್ಕಳಿನ್ನೂ ಚಿಕ್ಕವರು. ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಇರಲು ಬಂದರು. ಟ್ರಂಕು ಒಂದು, ಕೊಡೆ ಒಂದು, ಇಟ್ಟಿಗೆಯಂಥ ದಪ್ಪ ಡಿಕ್ಷನರಿ ಒಂದು. ಬಂದ ದಿನವೇ ನಮ್ಮ ಅತ್ತೆ ಅವರನ್ನು ಕೂರಿಸಿಕೊಂಡು, ಹೆಂಡತಿ ಎಲ್ಲಿ ಅಂತ ಕೇಳಿದರು. ಅತ್ತೆಗೆ ಸುತ್ತು ಬಳಸಿ ಕೇಳುವುದು ಗೊತ್ತಿರಲಿಲ್ಲ.

“ಮದಿವಿ ಆಗ್ಲಿಲ್ರಿ ಅವ್ವಾರೆ. ಯಾರೂ ಒಪ್ಲಿಲ್ಲ,” ಅಂದರು ಮೇಷ್ಟ್ರು.

“ಒಳ್ಳೇದಾತು ಬಿಡಿ. ಒಂದು ಹೆಣ್ಣು ಬಚಾವಾತು,” ಅಂದರು ಅತ್ತೆ.

ಮೇಷ್ಟ್ರು ನಕ್ಕಿದ್ದು ನೋಡಬೇಕಿತ್ತು. ಮೈಯೆಲ್ಲ ಕುಲುಕಿಸಿ, ಸದ್ದೇ ಇಲ್ಲದೆ ನಗುತ್ತಿದ್ದರು. ಅವತ್ತಿನಿಂದ ಅತ್ತೆಗೂ ಅವರಿಗೂ ಜೋಡಿ ಬಿತ್ತು. ಸಂಜೆ ಜಗುಲಿಯ ಮೇಲೆ ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಕೂರುವುದು, ಒಬ್ಬರನ್ನೊಬ್ಬರು ಕೆಣಕುವುದು. ನನಗೆ ಅವರು ನಮ್ಮ ಕಡೆಯವರು ಅಂತ ಸಲಿಗೆ. ನನ್ನ ತವರು ಈಸೂರಿನ ಹತ್ತಿರ, ಅವರದು ಶಿಕಾರಿಪುರ ಪೇಟೆ. ಇಲ್ಲಿ ಮೂರು ಹೊತ್ತೂ ಅನ್ನ. ಇಡೀ ಕೇರಿಯಲ್ಲಿ ಜೋಳದ ರೊಟ್ಟಿ ತಟ್ಟುವುದು ನನಗೊಬ್ಬಳಿಗೇ ಬರುತ್ತಿತ್ತು. ರೊಟ್ಟಿ ತಟ್ಟುವ ಸದ್ದು ಕೇಳಿದರೆ ಅವರು ಕೋಣೆಯಿಂದಲೇ, “ತಂಗೀ, ಬೆಂಕಿ ಜೋರು ಮಾಡಬ್ಯಾಡ, ಸೀದು ಹೋಕ್ಕಾವು,” ಅನ್ನುತ್ತಿದ್ದರು. ನನ್ನ ಒಲೆಯ ಬೆಂಕಿಗೆ ಅವರ ಉಸಾಬರಿ.

ಅವರಿಗೆ ಒಂದು ಹುಚ್ಚಿತ್ತು. ಮಾತಾಡುವಾಗ ಯಾರ ಬಾಯಿಂದಾದರೂ ಕೇಳದ ಮಾತು ಬಂದರೆ ತೋರುಬೆರಳನ್ನು ಮೇಲೆತ್ತಿ ನಿಂತುಬಿಡುವರು, ಬಸ್ಸಿಗೆ ಕೈ ತೋರಿಸಿದ ಹಾಗೆ. “ಒಂದ್ನಿಮಿಷ,” ಅನ್ನುವರು. ಗದ್ದೆಯ ಬದು, ಕೆರೆಯ ತೂಬು, ಬೀಳು ಬಿದ್ದ ಹಕ್ಕಲು, ಹುಲ್ಲು ಬೆಳೆಯುವ ಬ್ಯಾಣ, ಎಲ್ಲಕ್ಕೂ ಬೆರಳು. ಹಕ್ಕಲಿಗೂ ಬ್ಯಾಣಕ್ಕೂ ಏನು ವ್ಯತ್ಯಾಸ, ಯಾಕೆ ಹಾಗಂತಾರೆ, ನಿಮ್ಮ ಅಜ್ಜಿ ಏನನ್ನುತ್ತಿದ್ದರು. ಸೆಗಣಿ ಬಾಚುತ್ತಿರುವವಳನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ಒಂದು ಸಲ, ಮೇಷ್ಟ್ರೇ, ನಿಮಗೆ ಮಾಡಲು ಕೆಲಸವಿಲ್ಲವಾ ಅಂದೆ. ನೆಲಕ್ಕೆ ಇಟ್ಟ ಹೆಸರು ಬದಲಾದರೆ ನೆಲವೂ ಬದಲಾಗುತ್ತದೆ ತಂಗೀ ಅಂದರು. ನನಗೆ ಅದು ಓದಿದವರ ಮಾತು ಅನ್ನಿಸಿತು. ಆಮೇಲೆ ನನ್ನ ತವರಿನ ಗೋಮಾಳ ನೆನಪಾಯಿತು. ದನ ಮೇಯುತ್ತಿದ್ದ ಆ ಬಯಲಿಗೆ ಯಾವಾಗ ಲೇಔಟು ಅಂತ ಹೆಸರು ಬಂತೋ, ಆಗಿಂದ ಅಲ್ಲಿ ದನ ಕಾಲಿಟ್ಟರೆ ದೊಣ್ಣೆ ಹಿಡಿದು ಬರುತ್ತಾರೆ.

ನಮ್ಮೂರಿನ ಹಿಂದೆ ಕಾನು ಇದೆ. ಬಯಲು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಾನು ಅಂದರೆ ಕಾಡೇ, ಆದರೆ ಎಲ್ಲ ಕಾಡೂ ಕಾನಲ್ಲ. ಬೇಸಿಗೆಯಲ್ಲೂ ಬೋಳಾಗದ, ಒಳಗೆ ಹೊಕ್ಕರೆ ಹೊತ್ತು ಎಷ್ಟಾಯಿತೆಂದು ತಿಳಿಯದ, ಬುಡದಲ್ಲಿ ಒರತೆ ಇರುವ ಜಾಗ. ನಮ್ಮ ಕೆರೆಗೆ ನೀರು ಬರುವುದು ಅಲ್ಲಿಂದ. ಬೈನೆ, ದಾಲ್ಚಿನ್ನಿ, ಉಪ್ಪಾಗೆ, ಅಮಟೆ, ಮರಕ್ಕೆ ತಾನಾಗಿ ಹಬ್ಬಿದ ಮೆಣಸಿನ ಬಳ್ಳಿ. ಯಾರೂ ನೆಟ್ಟದ್ದಲ್ಲ, ಯಾರೂ ಹಸಿಮರ ಕಡಿಯುವ ಹಾಗಿಲ್ಲ. ಕಾನಿನ ಬಾಯಲ್ಲಿ ಒಂದು ಕಲ್ಲಿದೆ. ಚೌಡಿಯ ಕಲ್ಲು. ಗುಡಿ ಇಲ್ಲ, ಗಂಟೆ ಇಲ್ಲ. ಒಳಗೆ ಹೋಗುವವರು ಆ ಕಲ್ಲಿನ ಮೇಲೆ ಒಂದು ಹಸಿರು ಸೊಪ್ಪಿನ ಕುಡಿ ಇಟ್ಟು, ಏನಕ್ಕೆ ಬಂದೆ ಅನ್ನುವುದನ್ನು ಬಾಯಿ ಬಿಟ್ಟು ಹೇಳಬೇಕು. ದರಕಿಗೆ ಬಂದೀನಿ ತಾಯಿ, ಅಮಟೆಕಾಯಿಗೆ ಬಂದೀನಿ ತಾಯಿ ಅಂತ. ಹೇಳಿದ್ದನ್ನಷ್ಟೇ ತರಬೇಕು. ದರಕು, ಅಂದರೆ ಒಣ ಎಲೆ, ಅದಕ್ಕೆ ಅಂತ ಹೇಳಿ ಹೋದವಳು ಕಾಲಿಗೆ ಮೆಣಸಿನ ಗೊಂಚಲು ತಾಗಿದರೂ ಮುಟ್ಟುವುದಿಲ್ಲ. ಬೇಕಾದರೆ ಹೊರಗೆ ಬಂದು ಮತ್ತೆ ಹೇಳಿ ಹೋಗಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಇದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಅತ್ತೆ ಹಿಂದಕ್ಕೆ ಕರೆಸಿ, ಚೌಡಿಗೆ ಕಿವಿ ಇದೆ, ನಿನ್ನ ಹೊಟ್ಟೆಯೊಳಗೆ ಇಣುಕಿ ನೋಡುವ ಕೆಲಸ ಅವಳಿಗೆ ಕೊಡಬೇಡ ಅಂದಿದ್ದರು.

ಮೇಷ್ಟ್ರನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನಾವೇ. ಭೂಮಿ ಹುಣ್ಣಿಮೆಯ ಹಿಂದಿನ ದಿನ. ಭೂಮಿತಾಯಿಗೆ ಬಸುರಿಯ ಊಟ ಬಡಿಸುವ ಹಬ್ಬ ಅದು. ಅಡುಗೆಗೆ ಬಗೆಬಗೆಯ ಸೊಪ್ಪು ಬೇಕು, ಅಮಟೆಕಾಯಿ ಅಂತೂ ಬೇಕೇ ಬೇಕು. ನಾವು ಹೆಂಗಸರು ಒಬ್ಬೊಬ್ಬರಾಗಿ ಕುಡಿ ಇಟ್ಟು ಹೇಳಿದೆವು. ಮೇಷ್ಟ್ರ ಸರದಿ ಬಂತು. ಕುಡಿ ಇಟ್ಟರು. ಏನು ಹೇಳಬೇಕೆಂದು ತಿಳಿಯದೆ ನಮ್ಮ ಮುಖ ನೋಡಿದರು. ಕೈಯಲ್ಲಿ ಬುಟ್ಟಿ ಇಲ್ಲ, ಕತ್ತಿ ಇಲ್ಲ, ಮಡಚಿದ ಕೊಡೆ ಇದೆ.

“ಏನಕ್ಕೂ ಇಲ್ರಿ ಅವ್ವಾ. ನೋಡಾಕ ಬಂದೀನಿ,” ಅಂದರು ಕಲ್ಲಿಗೆ.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಏನೂ ಬೇಡ ಅಂತ ಕಾನಿಗೆ ಬಂದವರನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ಅತ್ತೆ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಅವರನ್ನೇ ನೋಡಿ, ಹಂಗಾರೆ ಏನನ್ನೂ ಮುಟ್ಟಬೇಡಿ, ಕಣ್ಣು ಮಾತ್ರ ತಗಂಡು ಬನ್ನಿ ಅಂದರು. ಮೇಷ್ಟ್ರು ಹಾಗೇ ಮಾಡಿದರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತಿದರು. ದಾಲ್ಚಿನ್ನಿ ಎಲೆಯ ವಾಸನೆ ನೋಡಬೇಕಾದರೆ ಮೂಗನ್ನೇ ಎಲೆಯ ಹತ್ತಿರ ಒಯ್ಯುತ್ತಿದ್ದರು, ಕೊಕ್ಕರೆಯ ಹಾಗೆ. ಆಮೇಲೆ ಅವರಿಗೆ ಊರಲ್ಲಿ ಸುಮ್ಮನೆ ಬಂದೋರು ಅಂತ ಅಡ್ಡಹೆಸರು ಬಿತ್ತು.

ಇದೆಲ್ಲ ಚೆನ್ನಾಗಿದ್ದ ಕಾಲ.

ಮುಂದೆ ಶುಂಠಿಯ ಹುಚ್ಚು ಬಂತು. ಎಲ್ಲಿಂದಲೋ ಬಂದ ಒಬ್ಬ, ಕಾನಿನ ಅಂಚಿನ ಜಮೀನು ಹಿಡಿದು ಶುಂಠಿ ಹಾಕಿದ. ಒಂದು ವರ್ಷ ಅಂಚು, ಮರುವರ್ಷ ಇನ್ನೊಂದಿಷ್ಟು ಒಳಗೆ. ಹಸಿಮರ ಬೀಳತೊಡಗಿದವು. ಊರಿನ ಗಂಡಸರು ಕೇಳಲು ಹೋದರೆ ಅವನು, ಇದು ಪಹಣಿಯಲ್ಲಿ ಕಾನು ಅಂತ ಇದೆ, ಕಾನು ಅಂದರೆ ಏನು ಅಂತ ಯಾವ ಆಫೀಸಿನಲ್ಲೂ ಯಾರಿಗೂ ಗೊತ್ತಿಲ್ಲ, ಹೋಗಿ ಅಂದನಂತೆ. ಅದು ನಿಜವೇ ಆಗಿತ್ತು. ತಾಲ್ಲೂಕಾಫೀಸಿನವರು ನಮ್ಮದಲ್ಲ ಅಂದರು, ಫಾರೆಸ್ಟಿನವರು ನಮ್ಮದಲ್ಲ ಅಂದರು.

ಆಗ ಮೇಷ್ಟ್ರು ಕೂತು ಅರ್ಜಿ ಬರೆದರು. ಇದು ಫಾರೆಸ್ಟ್, ಇದನ್ನು ಫಾರೆಸ್ಟ್ ಅಂತ ಸೇರಿಸಿಕೊಂಡು ಕಾಪಾಡಬೇಕು ಅಂತ. ಊರೆಲ್ಲ ಸಹಿ ಹಾಕಿತು. ಅತ್ತೆ ಹೆಬ್ಬೆಟ್ಟು ಒತ್ತಿದರು. ಒತ್ತುವ ಮೊದಲು, ಫಾರೆಸ್ಟ್ ಅಂದರೆ ಎಂತದು ಮೇಷ್ಟ್ರೇ ಅಂತ ಕೇಳಿದರು. ಕಾಡು ಅಂತ ಅವ್ವಾರೆ, ಇಂಗ್ಲಿಷಿನಾಗೆ ಕಾಡಿಗೆ ಹಂಗಂತಾರೆ ಅಂದರು. ಮಕ್ಕಳಿಗೂ ಅವರು ಅದನ್ನೇ ಹೇಳಿಕೊಟ್ಟಿದ್ದು. ನಾನು ಅಲ್ಲೇ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ನಮಗೆ ಫಾರೆಸ್ಟ್ ಅಂದರೆ ಖಾಕಿ ಹಾಕಿದ ಮನುಷ್ಯ. ಫಾರೆಸ್ಟ್ ಬಂದ, ಕತ್ತಿ ಮುಚ್ಚಿಡು ಅಂತ ಕುಪ್ಪಗಡ್ಡೆಯ ಕಡೆಯ ನಮ್ಮ ನೆಂಟರು ಹೇಳುವುದನ್ನು ಕೇಳಿದ್ದೆ. ಮೇಷ್ಟ್ರಿಗೆ ಪುಸ್ತಕದ ಅರ್ಥ ಗೊತ್ತಿತ್ತು, ನಮಗೆ ಬೀದಿಯ ಅರ್ಥ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ಅವತ್ತು ಯಾರ ತಲೆಗೂ ಬರಲಿಲ್ಲ. ಶುಂಠಿಯವನನ್ನು ಓಡಿಸಿದರೆ ಸಾಕಾಗಿತ್ತು.

ಶುಂಠಿಯವನು ಹೋದ. ಅದನ್ನು ಇಲ್ಲ ಅನ್ನುವುದಿಲ್ಲ. ಅರ್ಜಿ ಹೋಗದಿದ್ದರೆ ಇವತ್ತಿಗೆ ಅಲ್ಲಿ ಒಂದು ಮರವೂ ಇರುತ್ತಿರಲಿಲ್ಲ. ಆದರೆ ಅವನ ಹಿಂದೆಯೇ ಮಣ್ಣು ತೋಡುವ ಮಷೀನು ಬಂತು. ಕಾನಿನ ಸುತ್ತ ಆಳೆತ್ತರದ ಅಗಳು ತೋಡಿದರು. ಖಾಲಿಯಾಗಿದ್ದ ಅಂಚಿಗೆ ಅಕೇಶಿಯಾ ನೆಟ್ಟರು. ಬೋರ್ಡು ಹಾಕಿದರು. ಚೌಡಿಯ ಕಲ್ಲು ಅಗಳಿನ ಈಚೆಗೆ ಉಳಿಯಿತು, ಕಾನು ಆಚೆಗೆ. ಒಳಗೆ ಹೋಗುವ ಹಾಗಿಲ್ಲ, ದರಕು ಬಾಚುವ ಹಾಗಿಲ್ಲ, ಕಾಯಿ ಕೊಯ್ಯುವ ಹಾಗಿಲ್ಲ. ಮೊದಲ ವರ್ಷ ಹೆಂಗಸರೆಲ್ಲ ಕದ್ದು ಹೋಗುತ್ತಿದ್ದೆವು. ಅಗಳಿಗೆ ಇಳಿಯುವುದು, ಬೇರು ಹಿಡಿದು ಹತ್ತುವುದು. ಹೋಗುವ ಮೊದಲು ಕಲ್ಲಿಗೆ ಮಾತ್ರ ಹೇಳಿಯೇ ಹೋಗುವುದು. ಯಾರಾದರೂ ಕಂಡು ಕೇಳಿದರೆ ದನ ಹುಡುಕಲು ಬಂದೆವು ಅನ್ನುವುದು ಅಂತ ನಮ್ಮಲ್ಲೇ ಮಾತಾಗಿತ್ತು. ನಾನು ಎರಡು ಸಲ ಅಂದಿದ್ದೇನೆ. ನಮ್ಮ ಮನೆಯಲ್ಲಿ ಆಗ ದನವೇ ಇರಲಿಲ್ಲ.

ಅತ್ತೆ ಸಿಕ್ಕಿಬಿದ್ದರು. ಚಳಿಗಾಲ, ಮೆಣಸು ಕೊಯ್ಯುವ ಹೊತ್ತು. ಮಡಿಲಲ್ಲಿ ಒಂದಿಷ್ಟು ಹಸಿ ಕಾಳುಮೆಣಸು, ಕಷಾಯಕ್ಕೆ, ಮನೆಖರ್ಚಿಗೆ. ಹಿಡಿದ ಗಾರ್ಡು ಒಳ್ಳೆಯವನೇ. ಹೊಸಬ. ಅವನೇ ದಾರಿ ತೋರಿಸುವ ಹಾಗೆ, ಏನಜ್ಜೀ, ದನ ಗಿನ ತಪ್ಪಿಸಿಕೊಂಡಿತ್ತಾ ಅಂತ ಕೇಳಿದನಂತೆ. ಅತ್ತೆ, “ಇಲ್ಲಪ್ಪ. ಮೆಣಸಿಗೆ ಬಂದಿದ್ದೆ,” ಅಂದರಂತೆ. ಅವನ ಹಿಂದೆ ಅವನ ಮೇಲಿನವನು ನಿಂತಿದ್ದ. ಬರೆದುಕೊಂಡರು. ಕೇಸಾಯಿತು.

ಸೊರಬದ ಕೋರ್ಟಿಗೆ ಹೋಗುವಾಗೆಲ್ಲ ಮೇಷ್ಟ್ರು ರಜೆ ಹಾಕಿ ಜೊತೆಗೆ ಬಂದರು. ಬಸ್ಸಿನಲ್ಲಿ ಅತ್ತೆಯ ಹಿಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಬಾಗಿ, ದಾರಿಯುದ್ದಕ್ಕೂ ಬೇಡಿಕೊಳ್ಳುವರು. ಮೆಣಸು ಅಂಗಡೀದು ಅನ್ನಿ, ದಾರಿಯಾಗೆ ಸಿಕ್ಕಿದ್ದು ಅನ್ನಿ, ನನಗೆ ನೆನಪಿಲ್ಲ ಅನ್ನಿ. ವಕೀಲರೂ ಅದನ್ನೇ ಹೇಳಿದ್ದರು. ಕೊನೆಗೆ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಅತ್ತೆ ತಿರುಗಿ ನಿಂತರು.

“ನೋಡಿ ಮೇಷ್ಟ್ರೇ, ಅಲ್ಲಿ ಕಲ್ಲಿನ ಮುಂದೆ ಮೆಣಸಿಗೆ ಅಂತ ಹೇಳಿ ಹೋಗೀನಿ. ಇಲ್ಲಿ ಬೇರೆ ಹೇಳಿದ್ರೆ ಎರಡರಾಗೆ ಒಂದು ಸುಳ್ಳಾತದೆ. ಯಾವುದನ್ನ ಸುಳ್ಳು ಮಾಡ್ಲಿ, ನೀವೇ ಹೇಳಿ.”

ಮೇಷ್ಟ್ರು ಕೊಡೆಯ ತುದಿಯಿಂದ ನೆಲ ಕೆದಕುತ್ತಾ ನಿಂತರು. ಅತ್ತೆ ಒಳಗೆ ಹೋಗಿ, ಹೌದು ಸ್ವಾಮಿ, ಮೆಣಸಿಗೆ ಹೋಗಿದ್ದೆ ಅಂದರು. ದಂಡ ಹಾಕಿ, ಬುದ್ಧಿ ಹೇಳಿ ಬಿಟ್ಟರು. ಬುದ್ಧಿ ಹೇಳಿದವರಿಗೆ ನನ್ನ ತಮ್ಮನ ವಯಸ್ಸು. ಅತ್ತೆ ತಲೆ ತುಂಬ ಸೆರಗು ಹೊದ್ದು ಹೊರಗೆ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರು ಟೀ ತಂದುಕೊಟ್ಟರೆ ಕುಡಿದರು. ಸಕ್ಕರೆ ಹೆಚ್ಚಾಯಿತು ಅಂದರು.

ಅದಾದ ಮೇಲೆ ಅತ್ತೆ ಕಾನಿನ ದಿಕ್ಕಿಗೆ ಹೋಗಲಿಲ್ಲ. ಹಿತ್ತಲಿನಲ್ಲಿ ನಿಂತರೆ ಕಾನು ಕಾಣುತ್ತದೆ. ಬಟ್ಟೆ ಒಣಹಾಕಲು ಮುಂದಿನ ಅಂಗಳಕ್ಕೆ ಬರತೊಡಗಿದರು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಮೇಷ್ಟ್ರು ಆ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜಗುಲಿಗೆ ಬಂದರು. ಅವರ ಮುಖ ನೋಡಿ ನಾನು ಯಾರೋ ಸತ್ತರು ಅಂದುಕೊಂಡೆ. ಶಿವಮೊಗ್ಗಕ್ಕೆ ಹೋಗಿ ಬೇರೆ ದೊಡ್ಡ ಪುಸ್ತಕಗಳನ್ನೂ ನೋಡಿ ಬಂದಿದ್ದರಂತೆ. ಹೇಳಿದರು: ಆ ಫಾರೆಸ್ಟ್ ಅನ್ನುವ ಮಾತು ಇಂಗ್ಲಿಷಿನದೇ ಅಲ್ಲ. ಸಮುದ್ರದಾಚೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ರಾಜನ ಜೊತೆಗೆ ಬಂದದ್ದು. ಅದಕ್ಕೂ ಹಿಂದೆ ಅದರ ಬುಡದಲ್ಲಿ ಇದ್ದ ಅರ್ಥ ಮರವೂ ಅಲ್ಲ, ಗಿಡವೂ ಅಲ್ಲ. ಹೊರಗೆ ಅಂತ. ಬೇಲಿಯ ಹೊರಗೆ, ಊರಿನ ಕಾನೂನಿನ ಹೊರಗೆ. ರಾಜ ತನ್ನ ಬೇಟೆಗೆ ಅಂತ ಹಿಡಿದಿಟ್ಟ ನೆಲಕ್ಕೆಲ್ಲ ಹಾಗೆ ಅನ್ನುತ್ತಿದ್ದರಂತೆ. ಮರವೇ ಇಲ್ಲದ ಬಯಲಿಗೂ ಅದೇ ಹೆಸರು, ಮಧ್ಯದಲ್ಲಿ ಹೊಲ ಮನೆ ಇದ್ದರೂ ಅದೇ ಹೆಸರು. ಅಲ್ಲಿನ ಬಡವರು ಹಸಿಕೊಂಬೆ ಮುರಿದರೆ, ಜಿಂಕೆ ಮುಟ್ಟಿದರೆ, ಅದಕ್ಕೆ ಬೇರೆಯೇ ಕೋರ್ಟು. ರಾಜರು ಹೋದ ಮೇಲೆ, ಎಷ್ಟೋ ಕಾಲ ಕಳೆದ ಮೇಲೆ ಆ ಮಾತು ಮೆತ್ತಗಾಗಿ, ಮರ ಗಿಡ ಅನ್ನುವ ಅರ್ಥಕ್ಕೆ ಬಂತಂತೆ.

“ನಾನು ಮಕ್ಕಳಿಗೆ ಮೇಲಿನ ಸಿಪ್ಪಿ ಮಾತ್ರ ಹೇಳ್ಕೊಟ್ಟೆ ಅವ್ವಾರೆ. ಒಳಗಿನ ಬೀಜ ಹಂಗೇ ಇತ್ತು. ಅರ್ಜಿಯಾಗೆ ಬರ್ದು ನಾನೇ ಬಿತ್ತಿದೆ,” ಅಂದರು.

ಅತ್ತೆ ಅಡಿಕೆ ಹೋಳು ಮಾಡುವುದನ್ನು ನಿಲ್ಲಿಸಲಿಲ್ಲ.

“ನೀವು ಪುಸ್ತಕ ನೋಡಿ ತಿಳ್ಕಂಡ್ರಿ. ನಾನು ಕೋರ್ಟು ಮೆಟ್ಲು ಹತ್ತಿ ತಿಳ್ಕಂಡೆ. ಅರ್ಥ ಒಂದೇ ಅಲ್ವಾ? ಏಳಿ, ಊಟ ಮಾಡಿ.”

ಅವತ್ತು ಮೇಷ್ಟ್ರು ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂತು, ಮಾಡಿದ ಅಡುಗೆ ದಂಡವಾಯಿತಲ್ಲ ಅಂತ. ಆ ಮಾತು ಬಿಟ್ಟರೆ ಬರೆಯಲು ಬೇರೆ ಮಾತು ಇರಲಿಲ್ಲ ಅಂತ ನಾನು ಅವರಿಗೆ ಆಮೇಲೆ ಎಷ್ಟೋ ಸಲ ಹೇಳಿದ್ದೇನೆ. ಆಫೀಸಿನವರಿಗೆ ಅರ್ಥವಾಗುವುದು ಅದೊಂದೇ. ಮಾತು ಯಾರಿಗೂ ಕೇಸು ಹಾಕುವುದಿಲ್ಲ, ಮನುಷ್ಯರು ಹಾಕುತ್ತಾರೆ. ಅವರು ತಲೆಯಾಡಿಸುವರು, ಒಪ್ಪುತ್ತಿರಲಿಲ್ಲ. ಆವತ್ತಿನಿಂದ ಬೆರಳೆತ್ತುವುದು ನಿಂತಿತು. ಒಂದು ಸಲ ನನ್ನ ಚಿಕ್ಕ ಮಗ ಬೇಕೆಂದೇ ಯಾವುದೋ ಹಳೇ ಮಾತು ತೆಗೆದು ಅವರ ಮುಂದೆ ಆಡಿದ. ಹೂಂ ಅಂದು ಕೋಣೆಗೆ ಹೋದರು.

ಅವರಿಗೆ ಉಳಿದದ್ದು ಒಂದೇ ಹಟ. ಅತ್ತೆ ಬದುಕಿರುವಷ್ಟರಲ್ಲಿ ಅವರನ್ನು ಮತ್ತೆ ಕಾನಿನೊಳಗೆ ಕಳಿಸಬೇಕು, ಹಗಲು ಹೊತ್ತಿನಲ್ಲಿ, ತಲೆಯೆತ್ತಿ. ಭಾನುವಾರ ಬಂದರೆ ಕೊಡೆ ಹಿಡಿದು ಹೊರಡುವರು. ಸೊರಬ, ಸಾಗರ, ಶಿವಮೊಗ್ಗ. ಯಾವ ಸಾಹೇಬರ ಮನೆಯ ಮುಂದೆ ಎಷ್ಟು ಹೊತ್ತು ನಿಂತರೋ. ಚಪ್ಪಲಿ ಸವೆದವು, ಹೊಸದು ತರಲಿಲ್ಲ. ಆಫೀಸುಗಳಲ್ಲಿ ಅವರನ್ನು ಕಂಡರೆ ಎದ್ದು ಒಳಗೆ ಹೋಗುವಷ್ಟು ಬೇಸರ ಬಂದಿತ್ತು ಜನರಿಗೆ. ಅತ್ತೆಗೆ ಇದು ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಅವರಿಗೆ ಅಂತ ಅವಲಕ್ಕಿ ಕಟ್ಟಿಕೊಡು ಅಂತ ನನಗೆ ಹೇಳುವರು.

ಒಂದು ವರ್ಷ ಭೂಮಿ ಹುಣ್ಣಿಮೆಗೆ ಮೊದಲು ಮೇಷ್ಟ್ರು ಬಿಸಿಲಲ್ಲಿ ಓಡುತ್ತಾ ಬಂದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊಸದಾಗಿ ಬಂದ ಸಾಹೇಬರು ಒಪ್ಪಿದ್ದರಂತೆ. ಹಬ್ಬದ ಆ ಒಂದು ದಿನ, ಊರಿನ ಹೆಂಗಸರು ಸೊಪ್ಪಿಗೆ, ಅಮಟೆಕಾಯಿಗೆ ಒಳಗೆ ಹೋಗಬಹುದು. ಗಾರ್ಡು ನಿಂತಿರುತ್ತಾನೆ, ಅಗಳಿನ ಮೇಲೆ ಹಲಗೆ ಹಾಕಿಸುತ್ತಾನೆ. ಮೇಷ್ಟ್ರಿಗೆ ಉಸಿರು ಸಿಗುತ್ತಿರಲಿಲ್ಲ. ಅತ್ತೆಯ ಮುಂದೆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

ಅತ್ತೆ ಅವರಿಗೆ ಮೊದಲು ನೀರು ಕೊಡಿಸಿದರು. ಕುಡಿಯುವವರೆಗೆ ಕಾದರು.

“ಮೇಷ್ಟ್ರೇ, ನೀವು ಬಾಳ ಒದ್ದಾಡಿದ್ರಿ. ನಾನು ಕಂಡೀನಿ. ಆದ್ರೆ ನಾ ಬರದಿಲ್ಲ. ಏನಕ್ಕೆ ಬಂದೆ ಅಂತ ಅಲ್ಲಿ ಕೇಳೋಳು ಒಬ್ಬಳಿದ್ದಳು. ಈಗ ಹಲಗೆ ಮೇಲೆ ಇನ್ನೊಬ್ಬ ನಿಂತು ಕೇಳ್ತಾನೆ. ಇಬ್ಬರಿಗೆ ಉತ್ತರ ಕೊಟ್ಟು ಹೋಗೋ ಜಾಗ ಅಲ್ಲ ಅದು.”

ಮೇಷ್ಟ್ರು ನನ್ನ ಕಡೆ ನೋಡಿದರು, ನೀನಾದರೂ ಹೇಳು ಅನ್ನುವ ಹಾಗೆ. ಅತ್ತೆಗೆ ಯಾರು ಹೇಳಿ ಏನು? ಆ ಹಬ್ಬದ ದಿನ ಊರಿನ ಕೆಲವರು ಹಲಗೆ ದಾಟಿ ಹೋದರು, ಗಾರ್ಡು ಬುಟ್ಟಿ ನೋಡಿ ನೋಡಿ ಬಿಟ್ಟ. ನಮ್ಮ ಮನೆಯ ಅಡುಗೆಗೆ ಅಮಟೆಕಾಯಿಯ ಬದಲು ಪೇಟೆಯಿಂದ ಹುಣಸೆಹಣ್ಣು ತಂದೆವು. ಮರುವರ್ಷ ಸಾಹೇಬರಿಗೆ ವರ್ಗವಾಯಿತು, ಹಲಗೆಯೂ ಹೋಯಿತು. ಅದರ ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಹಾಸಿಗೆ ಹಿಡಿದು ಮಲಗಿದ್ದಾಗ ಮೇಷ್ಟ್ರು ಬಂದು ಬಾಗಿಲಲ್ಲಿ ನಿಲ್ಲುವರು, ಒಳಗೆ ಬರುತ್ತಿರಲಿಲ್ಲ. ಅತ್ತೆ, ಯಾರದು, ಸುಮ್ಮನೆ ಬಂದೋರಾ ಅನ್ನುವರು. ಹೌದ್ರಿ ಅನ್ನುವರು ಮೇಷ್ಟ್ರು. ಅಷ್ಟೇ ಮಾತು. ಹೆಣ ಎತ್ತುವಾಗ ಮೇಷ್ಟ್ರು ಹೆಗಲು ಕೊಟ್ಟರು. ಮಗ ಇದ್ದೂ ಹೊರಗಿನವರು ಯಾಕೆ ಹೊರಬೇಕು ಅಂತ ನೆಂಟರು ಕೊಂಕು ತೆಗೆದರು. ನಮ್ಮ ಯಜಮಾನರೇ, ಅವರು ಹೊರಲಿ, ಅವರಿಗೆ ಬೇಕು ಅಂದರು.

ನಿವೃತ್ತಿಯಾದ ಮೇಲೆ ಮೇಷ್ಟ್ರು ಶಿಕಾರಿಪುರಕ್ಕೆ ಹೋದರು, ತಂಗಿಯ ಮನೆಗೆ. ಹೋಗುವಾಗ ಡಿಕ್ಷನರಿ ನಮ್ಮಲ್ಲೇ ಬಿಟ್ಟರು. ಮರೆತದ್ದಲ್ಲ. ಈಗ ಅದನ್ನು ನಾನು ಹಿಟ್ಟಿನ ಡಬ್ಬಿಯ ಮೇಲೆ ಭಾರಕ್ಕೆ ಇಡುತ್ತೇನೆ, ಇಲಿ ಮುಚ್ಚಳ ತಳ್ಳುತ್ತದೆ. ವರ್ಷಕ್ಕೊಂದು ಸಲವಾದರೂ ನಾನು ರೊಟ್ಟಿ ಕಟ್ಟಿಕೊಂಡು ಹೋಗಿ ಬರುತ್ತಿದ್ದೆ.

ಈಗ ಕಾನಿನ ವಿಷಯ. ದಾರಿ ತೆರೆಯುವುದು ಮೇಷ್ಟ್ರ ಅರ್ಜಿಗಳಿಂದ ಆಗಲಿಲ್ಲ. ಮಳೆಯಿಂದ ಆಯಿತು. ಅಗಳಿನ ದಂಡೆ ವರ್ಷ ವರ್ಷ ಕುಸಿದು, ದರಕು ತುಂಬಿ, ಮಣ್ಣು ತುಂಬಿ, ಕಲ್ಲಿನ ಎದುರಿನ ಜಾಗದಲ್ಲಿ ಈಗ ಅದು ಮೊಣಕಾಲುದ್ದವೂ ಇಲ್ಲ. ಬೋರ್ಡು ತುಕ್ಕು ಹಿಡಿದು ಬಿದ್ದಿದೆ. ಕಾಯುವವರು ಇದ್ದಾರೋ ಇಲ್ಲವೋ, ಯಾರೂ ಬರುವುದಿಲ್ಲ. ಆದರೆ ಹೋಗುವವರೂ ಇಲ್ಲ. ಹೊಸ ಸೊಸೆಯರಿಗೆ ಕಲ್ಲು ಯಾವುದು ಅಂತ ಗೊತ್ತಿಲ್ಲ. ಮೊಮ್ಮಗಳು ಮೊನ್ನೆ ಫೋನಿನಲ್ಲಿ ಯಾವುದೋ ಹೋಟೆಲಿನ ಚಿತ್ರ ತೋರಿಸಿ, ಇದು ಫಾರೆಸ್ಟ್ ವ್ಯೂ ಅಜ್ಜಿ, ಅದಕ್ಕೇ ರೂಮಿಗೆ ಇಷ್ಟು ರೇಟು ಅಂದಳು. ಆ ಮಾತು ಮತ್ತೆ ಜಾಗ ಬದಲಿಸಿದೆ. ಮೇಷ್ಟ್ರಿದ್ದಿದ್ದರೆ ಬೆರಳೆತ್ತುತ್ತಿದ್ದರೇನೋ.

ಹೋದ ಬೇಸಿಗೆಯಲ್ಲಿ ಅವರನ್ನು ನೋಡಲು ಹೋದಾಗ ಅಗಳು ಮುಚ್ಚಿದ ಸುದ್ದಿ ಹೇಳಿದೆ. ಹಾಸಿಗೆಯಲ್ಲಿ ಒರಗಿ ಕೂತಿದ್ದರು. ರೊಟ್ಟಿ ಜಗಿಯಲು ಆಗುತ್ತಿರಲಿಲ್ಲ, ಹಾಲಿನಲ್ಲಿ ನೆನೆಸಿ ಕೊಟ್ಟೆ. ಸುದ್ದಿ ಕೇಳಿ ಬಟ್ಟಲನ್ನು ನನ್ನ ಕಡೆ ಚಾಚಿದರು. ತೆಗೆದು ಕೆಳಗಿಟ್ಟೆ.

“ಹೋಗಿದ್ಯಾ ಒಳಗ?” ಅಂದರು.

“ಇಲ್ಲ. ಏನಕ್ಕೆ ಅಂತ ಹೇಳಿ ಹೋಗ್ಲಿ ಮೇಷ್ಟ್ರೇ? ಎಲ್ಲಾ ಅಂಗಡೀಲೇ ಸಿಗ್ತದೆ.”

“ಅಮಟಿ ಗಿಡ ಐತೋ ಇಲ್ಲೋ ನೋಡ್ಬೇಕಿತ್ತು,” ಅಂದರು. ಮಗ್ಗುಲು ತಿರುಗಿ ಮಲಗಿದರು. ಹೋಗಿ ನೋಡಿ ಬಂದು ಹೇಳು ಅಂತ ಅವರು ಕೇಳಲಿಲ್ಲ. ಹೇಳುತ್ತೇನೆ ಅಂತ ನಾನೂ ಅನ್ನಲಿಲ್ಲ. ಆಮೇಲೆ ಮಳೆಗಾಲ, ನಾಟಿ, ನನ್ನ ಮೊಣಕಾಲು ನೋವು. ಮತ್ತೆ ರೊಟ್ಟಿ ಕಟ್ಟಿಕೊಂಡು ಹೊರಟಿದ್ದೇ ಆ ಬಸ್ಸಿನ ದಿನ.

ಶಿಕಾರಿಪುರದಿಂದ ಬಂದ ಮರುದಿನ ಬೆಳಿಗ್ಗೆ ಕೆಲಸ ಮುಗಿಸಿ ಕಾನಿನ ಕಡೆ ಹೊರಟೆ. ಬುಟ್ಟಿ ತಗೊಂಡಿದ್ದೆ, ಅಭ್ಯಾಸ. ಅರ್ಧ ದಾರಿಯಲ್ಲಿ ಅದನ್ನು ಬದುವಿನ ಮೇಲೆ ಬೋರಲು ಹಾಕಿ ಮುಂದೆ ನಡೆದೆ. ಕಲ್ಲು ಹುತ್ತದ ಮಣ್ಣಿನಲ್ಲಿ ಅರ್ಧ ಹೂತಿತ್ತು, ಕೈಯಿಂದ ಕೆದರಿ ಬಿಡಿಸಿದೆ. ಒಂದು ಕುಡಿ ಮುರಿದು ಮೇಲಿಟ್ಟೆ. ಸುತ್ತ ಯಾರೂ ಇರಲಿಲ್ಲ. ಆದರೂ ಬಾಯಿ ಬಿಟ್ಟೇ ಹೇಳಿದೆ.

“ಏನಕ್ಕೂ ಇಲ್ಲ ತಾಯಿ. ನೋಡೋಕೆ ಬಂದೀನಿ.”

ಕೈ ಹಿಂದಕ್ಕೆ ಕಟ್ಟಿಕೊಂಡು ಅಗಳು ದಾಟಿದೆ. ಅಂಚಿನಲ್ಲಿ ಅಕೇಶಿಯಾ, ಕೆಳಗೆ ಒಂದು ಹುಲ್ಲೂ ಇಲ್ಲ. ಅದನ್ನು ದಾಟಿದ ಮೇಲೆ ತಣ್ಣಗಾಯಿತು. ಅಮಟೆ ಮರ ಇದೆ. ಕಾಯಿ ಬಿಟ್ಟಿತ್ತು, ಒಂದಿಷ್ಟು ಕೆಳಗೂ ಬಿದ್ದಿದ್ದವು. ಅವನ್ನು ಮುಟ್ಟದೆ, ಮರ ಇದೆ ಅಂತ ನೋಡಿಕೊಂಡು, ಬಂದ ದಾರಿಯಲ್ಲೇ ಹೊರಗೆ ಬಂದೆ.